ಘಾಟಿಲ್ಲದ ಮೆಣಸಿನಕಾಯಿ

ನಮ್ಮತ್ತೆ ಒಣಮೆಣಸಿನಕಾಯಿ ಕೊಳ್ಳುವುದನ್ನು ಒಮ್ಮೆ ನೋಡಬೇಕು. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಅವರು ಮೂಟೆಯ ಮುಂದೆ ಬಂದು ನಿಂತರೆಂದರೆ ಅಂಗಡಿಯವನು ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಒಂದು ಕಾಯಿ ಎತ್ತಿಕೊಂಡು ನಡುವೆ ಮುರಿಯುತ್ತಾರೆ, ಮೂಗಿನ ಹತ್ತಿರ ಹಿಡಿದು ಜೋರಾಗಿ ಉಸಿರೆಳೆಯುತ್ತಾರೆ. ಕೆಮ್ಮು ಬಂದರೆ ತೂಗಿಸುತ್ತಾರೆ. ಬರದಿದ್ದರೆ "ಇದನ್ನ ಸರ ಮಾಡಿ ಮಕ್ಕಳ ಕೊರಳಿಗೆ ಹಾಕು" ಎಂದು ಮುಂದಿನ ಅಂಗಡಿಗೆ ನಡೆಯುತ್ತಾರೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಅನ್ನುವ ಲೆಕ್ಕವೆಲ್ಲ ಅಡುಗೆಗೆ. ದೃಷ್ಟಿ ತೆಗೆಯುವುದಕ್ಕೆ ಅವರಿಗೆ ಬೇಕಾದ್ದು ಘಾಟು ಮಾತ್ರ.

ದೃಷ್ಟಿ ತೆಗೆಯುವುದು ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಲ್ಲುಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ತಲೆಯಿಂದ ಕಾಲಿನವರೆಗೆ ನಿವಾಳಿಸಿ, ಅದರ ಮೇಲೆ ಥೂ ಅನ್ನಿಸಿ, ಕೆಂಡಕ್ಕೆ ಹಾಕುವುದು. ಮೆಣಸಿನಕಾಯಿ ಸುಟ್ಟ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದರೆ ದೃಷ್ಟಿಯಿಲ್ಲ, ನಿಶ್ಚಿಂತೆಯಿಂದ ಊಟ ಮಾಡಿ ಮಲಗಬಹುದು. ಹೊಗೆ ಎದ್ದೂ ಘಾಟು ಬರದೆ ಹೋದರೆ ದೃಷ್ಟಿ ಇತ್ತು, ಘಾಟನ್ನು ಅದು ನುಂಗಿಕೊಂಡಿತು ಎಂದು ಅರ್ಥ. ಬನಶಂಕರಿಯಲ್ಲಿ ಬೆಳೆದು, ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದ ನನಗೆ ಇದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಮದುವೆಯಾಗಿ ಸಾರಕ್ಕಿಯ ಈ ಹಳೇ ಮನೆಗೆ ಬಂದ ಹೊಸದರಲ್ಲಿ ಅತ್ತೆಗೆ ಮೆಣಸಿನಕಾಯಿಯೊಳಗೆ ಏನಿರುತ್ತದೆ, ಸುಟ್ಟಾಗ ಕೆಮ್ಮು ಯಾಕೆ ಬರುತ್ತದೆ ಎಂದೆಲ್ಲ ಪಾಠ ಮಾಡಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, "ಅದೇ ಕಣಮ್ಮ ನಾನೂ ಹೇಳೋದು, ಬರಲೇಬೇಕು. ಬರ್ಲಿಲ್ಲ ಅಂದ್ರೆ ಏನೋ ಐತೆ ಅಂತ" ಎಂದಿದ್ದರು.

ನನ್ನ ಗಂಡ ನರ್ಸ್. ಜಯನಗರದಲ್ಲಿ ಸಂಜೆ ಕ್ಲಾಸಿಗೆ ಹೋಗಿ ಜರ್ಮನ್ ಕಲಿತು, ಆ ದೇಶದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ ಹಿಡಿದರು. ನಾನೂ ಮಗಳೂ ಅವರ ಹಿಂದೆಯೇ ಹೋದೆವು. ಮಗಳಿಗೆ ಆಗ ಮಾತು ಬಂದು, ಬಾಯಿ ಮುಚ್ಚದ ವಯಸ್ಸು. ವಿಮಾನದಲ್ಲಿ ಪಕ್ಕದ ಸೀಟಿನವರಿಗೆ ನಮ್ಮ ಮನೆಯ ಕೆಳಗಿನ ಅಂಗಡಿಗಳ ಬಾಡಿಗೆದಾರರನ್ನೆಲ್ಲ ಒಬ್ಬೊಬ್ಬರಾಗಿ ವರ್ಣಿಸಿದ್ದಳು, ಅದೂ ಕನ್ನಡದಲ್ಲಿ. ಆ ಮನುಷ್ಯ ಪಾಪ ತಲೆದೂಗುತ್ತಲೇ ಕೂತಿದ್ದರು.

ಆ ಊರಿನಲ್ಲಿ ನಾನು ಮಾಡಿದ ಎಡವಟ್ಟುಗಳೆಲ್ಲ ಅಂಗಡಿಯಿಂದಲೇ ಶುರುವಾದವು. ಹೊಸ ಮನೆಗೆ ಮೊದಲು ಹೋಗಬೇಕಾದ್ದು ಉಪ್ಪು ಎಂದು ಅತ್ತೆ ಫೋನಿನಲ್ಲಿ ತಾಕೀತು ಮಾಡಿದ್ದರು. ಸೂಪರ್ ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದೆಲ್ಲ ಪುಡಿಯುಪ್ಪು. ಹುಡುಕಿ ಹುಡುಕಿ ಕೊನೆಗೆ ಬೇರೊಂದು ಸಾಲಿನಲ್ಲಿ ದಪ್ಪ ದಪ್ಪ ಹರಳಿನ ಉಪ್ಪು ಕಂಡಿತು. ನಮ್ಮ ಕಲ್ಲುಪ್ಪೇ, ಅದಕ್ಕಿಂತಲೂ ಬೆಳ್ಳಗೆ. ಡಬ್ಬಿಯ ಮೇಲೆ ಫಳಫಳ ಹೊಳೆಯುವ ಗಾಜಿನ ಲೋಟದ ಚಿತ್ರ. ಈ ದೇಶದವರು ಉಪ್ಪನ್ನೂ ಎಷ್ಟು ಚಂದ ಮಾಡಿ ಮಾರುತ್ತಾರೆ ಎಂದುಕೊಂಡು ತಂದು, ದೇವರ ಪಟದ ಮುಂದೆ ಇಟ್ಟು ಕೈಮುಗಿದು, ಅದರಲ್ಲೇ ಸಾರು ಮಾಡಿದೆ. ಅದು ಪಾತ್ರೆ ತೊಳೆಯುವ ಮೆಷಿನ್ನಿಗೆ ಹಾಕುವ ಉಪ್ಪು ಎಂದು ತಿಳಿದದ್ದು ಡಬ್ಬಿ ಅರ್ಧ ಖಾಲಿಯಾದ ಮೇಲೆ. ಇವರ ಜೊತೆ ಕೆಲಸ ಮಾಡುವ ಕೇರಳದ ನರ್ಸ್ ಒಬ್ಬರು ಊಟಕ್ಕೆ ಬಂದವರು ಅದನ್ನು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವೂ ನಕ್ಕೆವು. ಮಗಳಂತೂ ಬಾಡಿಗೆದಾರರಿಗೆಲ್ಲ ಇದನ್ನು ಹೇಳಬೇಕು ಎಂದು ಅಜ್ಜಿಗೆ ಫೋನ್ ಹಚ್ಚಿಸಿದಳು.

ಇದು ಮೊದಲನೆಯದು. ಎಲ್ಲರೂ ಸೇರಿ ನಕ್ಕಿದ್ದು ಇದೊಂದಕ್ಕೇ.

ಆಮೇಲೆ ಮೊಸರು. ಬಿಳೀ ಡಬ್ಬಿ, ಮೇಲೆ ಹಸು. ಅನ್ನಕ್ಕೆ ಕಲಸಿ, ಸಾಸಿವೆ ಇಂಗು ಒಗ್ಗರಣೆ ಕೊಟ್ಟು, ಮೂವರಿಗೂ ಬಡಿಸಿದೆ. ಮಗಳು ಒಂದು ತುತ್ತು ಬಾಯಿಗಿಟ್ಟು ತಟ್ಟೆ ದೂಡಿದಳು. ಗಂಡ ಮುಖ ಕಿವುಚಿ, "ಏನೇ ಇದು, ಐಸ್‌ಕ್ರೀಮಿಗೆ ಒಗ್ಗರಣೆ ಹಾಕಿದೀಯ?" ಎಂದರು. ವೆನಿಲಾ ಹಾಕಿದ ಸಿಹಿ ಮೊಸರಂತೆ ಅದು. ಅಷ್ಟರಲ್ಲಿ ನನ್ನ ತಟ್ಟೆ ಖಾಲಿಯಾಗಿತ್ತು. "ಹಸಿವಾಗಿತ್ತು, ಗೊತ್ತಾಗ್ಲಿಲ್ಲ" ಎಂದೆ. ಹೊಟ್ಟೆ ಹಸಿದಾಗ ರುಚಿ ಯಾರು ನೋಡುತ್ತಾರೆ ಎಂದು ನಾನೇ ಸಮಾಧಾನ ಮಾಡಿಕೊಂಡೆ.

ಮಗಳ ಹುಟ್ಟುಹಬ್ಬಕ್ಕೆ ಕೇಸರಿಬಾತ್ ಮಾಡಿದೆ. ಬೆಣ್ಣೆ ತಂದು ಕಾಯಿಸಿ ತುಪ್ಪ ಮಾಡಿ, ರವೆ ಹುರಿದು, ಒಲೆಯ ಮುಂದೆಯೇ ನಿಂತು ಕೈಯಾಡಿಸಿ ಇಳಿಸಿದೆ. ಇವರು ಡ್ಯೂಟಿ ಮುಗಿಸಿ ಬಂದವರು ಬಾಗಿಲಲ್ಲೇ ನಿಂತರು. ಶೂ ಕೂಡ ಬಿಚ್ಚಲಿಲ್ಲ. "ಬೆಳ್ಳುಳ್ಳಿ ವಾಸನೆ ಯಾಕೆ ಹಿಂಗೆ ಹೊಡೀತಿದೆ?" ಎಂದರು. ನಾನು ತಂದದ್ದು ಬ್ರೆಡ್ಡಿಗೆ ಸವರುವ ಬೆಳ್ಳುಳ್ಳಿ ಬೆಣ್ಣೆ. ಅದರಲ್ಲಿದ್ದ ಹಸಿರು ಚೂರುಗಳನ್ನು ಸೋಸುವಾಗ ನಾನು ಏನೆಂದುಕೊಂಡೆನೋ ಈಗ ನೆನಪಿಲ್ಲ. ನೆನಪಿರುವುದು ಇಷ್ಟೇ: ಅಷ್ಟು ಹೊತ್ತು ಆ ಬಾಣಲೆಯ ಮೇಲೆ ಬಗ್ಗಿ ನಿಂತಿದ್ದವಳು ನಾನು, ಬಾಗಿಲ ಹೊರಗಿದ್ದವರಿಗೆ ಬಂದ ವಾಸನೆ ನನಗೆ ಬಂದಿರಲಿಲ್ಲ.

"ಶೀತ ಆಗಿದೆ" ಎಂದೆ. ಆ ಊರಿನಲ್ಲಿ ಶೀತ ಆಗದಿರುವುದು ಯಾವಾಗ? ಮಗಳು ಕೇಸರಿಬಾತಿನ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದಳು.

ಆ ಸೂಪರ್ ಮಾರ್ಕೆಟ್ಟಿಗೆ ತಾನಾಗಿ ತೆರೆದುಕೊಳ್ಳುವ ಗಾಜಿನ ಬಾಗಿಲು. ಮೊಸರಿಗೆ ಮೊದಲೋ ಆಮೇಲೋ, ಒಂದು ದಿನ ಅದರ ಮುಂದೆ ಹೋಗಿ ನಿಂತೆ, ತೆರೆಯಲಿಲ್ಲ. ಕೆಟ್ಟಿರಬೇಕು ಎಂದುಕೊಂಡು ಹಿಂದೆ ಸರಿದೆ. ಅಷ್ಟರಲ್ಲಿ ಒಬ್ಬ ಅಜ್ಜ ಕೋಲೂರಿಕೊಂಡು ಬಂದರು, ಬಾಗಿಲು ಸುಯ್ಯೆಂದು ತೆರೆಯಿತು. ಅವರ ಹಿಂದೆ ನುಸುಳಿದೆ. ಇನ್ನೊಂದು ದಿನ ಮತ್ತೆ ಹಾಗೇ. ಕೈ ಬೀಸಿದೆ, ಹಿಂದೆ ಹೋಗಿ ಮತ್ತೆ ಬಂದೆ, ನೆಲದ ಮೇಲಿನ ಮ್ಯಾಟ್ ತುಳಿದೆ. ಗಾಜಿನೊಳಗೆ ಜನ ಟೊಮೆಟೊ ಆರಿಸುತ್ತಿದ್ದರು. ಯಾರೂ ತಲೆಯೆತ್ತಲಿಲ್ಲ. ಆಗ ಮಗಳು ನನ್ನ ಕೈ ಬಿಡಿಸಿಕೊಂಡು ಒಂದು ಹೆಜ್ಜೆ ಮುಂದೆ ಹೋದಳು. ಅಂಗೈ ಅಗಲದ ಮೈ ಅವಳದು. ಬಾಗಿಲು ತೆರೆಯಿತು.

ಅವತ್ತಿನಿಂದ ಅಂಗಡಿ ಹತ್ತಿರ ಬಂದ ಕೂಡಲೇ ಅವಳು ಮುಂದೆ ಓಡಲು ಶುರು ಮಾಡಿದಳು. ರಸ್ತೆಯಲ್ಲಿ ಹಾಗೆಲ್ಲ ಓಡಬಾರದು ಎಂದು ಬೈದೆ. ಬೈಸಿಕೊಂಡೂ ಓಡಿದಳು. ಬಾಗಿಲಿನ ಮುಂದೆ ನಿಂತು, ನಾನು ಒಳಗೆ ಬರುವ ತನಕ ಅಲ್ಲಾಡದೆ ಕಾಯುತ್ತಿದ್ದಳು. ಗಂಡನಿಗೆ ಹೇಳಿದರೆ, "ನಿನ್ನ ಕರೀ ಕೋಟು ಮೆಷಿನ್ನಿಗೆ ಕಾಣಿಸಲ್ಲ ಅನ್ಸುತ್ತೆ, ಕೆಂಪುದು ತಗೋ" ಎಂದು ನಕ್ಕರು. ಕೆಂಪು ಕೋಟು ತಗೊಂಡೆ. ಅದಕ್ಕೂ ತೆರೆಯಲಿಲ್ಲ, ಆದರೆ ಅದನ್ನು ಅವರಿಗೆ ಹೇಳುವುದಕ್ಕೆ ಹೋಗಲಿಲ್ಲ.

ಮಗಳ ಮಾತು ನಿಂತದ್ದು ಯಾವ ದಿನ ಎಂದು ನನಗೆ ಹೇಳಲಾಗುವುದಿಲ್ಲ. ಮೊದಲು ಪ್ರಶ್ನೆ ಕೇಳುವುದು ನಿಂತಿತು. ಮನೆ ತಣ್ಣಗಾಯಿತು ಎಂದು ನನಗೆ ಆರಾಮವೇ ಆಯಿತು. ಆಮೇಲೆ ಕೇಳಿದ್ದಕ್ಕೆ ತಲೆಯಾಡಿಸುವುದು. ಎರಡನೇ ಚಳಿಗಾಲಕ್ಕೆ ಏನೂ ಇಲ್ಲ. ಶಿಶುವಿಹಾರದ ಮೇಡಂ ಇದು ಸಾಮಾನ್ಯ, ಹೊಸ ಭಾಷೆಗೆ ಬಿದ್ದ ಮಕ್ಕಳು ಸ್ವಲ್ಪ ಕಾಲ ಸುಮ್ಮನಾಗುತ್ತವೆ, ಮನೆಯಲ್ಲಿ ಹೇಗೂ ಮಾತಾಡುತ್ತಾಳಲ್ಲ ಎಂದರು. ಮನೆಯಲ್ಲೂ ಮಾತಾಡುತ್ತಿರಲಿಲ್ಲ. ಬಿದ್ದು ಮಂಡಿ ತರಚಿಕೊಂಡರೆ ಬಾಯಿ ತೆರೆದು ಅಳುತ್ತಿದ್ದಳು, ಸದ್ದು ಬರುತ್ತಿರಲಿಲ್ಲ. ನಾನು ಅಡುಗೆ ಮಾಡುವಾಗ ಬಾಗಿಲ ಸಂದಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ತಿರುಗಿದರೆ ಇರುತ್ತಿರಲಿಲ್ಲ. ಹೆತ್ತ ಮಗಳು ಬೆನ್ನ ಹಿಂದೆ ಬಂದು ನಿಂತಿದ್ದಾಳೆ ಅನ್ನಿಸಿದರೆ ನನಗೆ ಭಯವಾಗುತ್ತಿತ್ತು. ಯಾರಿಗೂ ಹೇಳುವ ಮಾತಲ್ಲ ಇದು.

ಅತ್ತೆಯನ್ನು ಕರೆಸಿಕೊಂಡೆವು. ಬಂದ ದಿನ ಸೋಫಾದ ಮೇಲೆ ಕೂತು ಕಾಫಿ ಕುಡಿದು, ಸುತ್ತ ಒಮ್ಮೆ ನೋಡಿ, "ಮಗು ಕತೆ ಆಮೇಲೆ ಹೇಳೀರಂತೆ. ಈ ಮನೇಲಿ ಒಂದು ಸದ್ದೇ ಇಲ್ವಲ್ಲಮ್ಮ. ನೀನಾದ್ರೂ ಮಾತಾಡ್ತಿದ್ದೆ, ಜಗಳಕ್ಕಾದ್ರೂ ಬರ್ತಿದ್ದೆ" ಎಂದರು. ಪ್ರಯಾಣದ ಸುಸ್ತಿನಲ್ಲಿ ಏನೋ ಹೇಳುತ್ತಾರೆ ಎಂದು ಒಳಗೆ ಹೋದೆ.

ಅವರಿಗೆ ಮಗುವನ್ನು ನೋಡಿದ ಮೇಲೆ ಬೇರೆ ಯೋಚನೆಯೇ ಇರಲಿಲ್ಲ. ದಿಷ್ಟಿ ಅಂದರೆ ದಿಷ್ಟಿ. ಊರಿಂದ ತಂದ ಮೆಣಸಿನಕಾಯಿಯನ್ನೆಲ್ಲ ಬಂದ ವಾರವೇ ಹುರಿದು ಸಾರಿನ ಪುಡಿ ಮಾಡಿ ಮುಗಿಸಿದ್ದೆವು. ಹೊಸದು ತರುವ ಕೆಲಸ ನನ್ನ ಪಾಲಿಗೆ ಬಂತು. ಊರಿನ ಆ ತುದಿಯಲ್ಲಿ ಟರ್ಕಿ ದೇಶದವರ ಒಂದು ಸಣ್ಣ ಅಂಗಡಿ. ಅಲ್ಲಿ ದಾರಕ್ಕೆ ಪೋಣಿಸಿ ಒಣಹಾಕಿದ ಕಾಯಿಗಳು ತೂಗುತ್ತಿದ್ದವು. ಕಡುಗೆಂಪು, ಉದ್ದ, ಮೈಯೆಲ್ಲ ಸುಕ್ಕು, ಬ್ಯಾಡಗಿಯ ಅಕ್ಕತಂಗಿಯರೇ ಸರಿ. ಮುರಿದು ನೋಡುವ ಅಭ್ಯಾಸ ನನಗೆಲ್ಲಿ ಬರಬೇಕು? ತಂದುಕೊಟ್ಟೆ.

ಅಲ್ಲಿ ಕೆಂಡ ಇಲ್ಲವಲ್ಲ, ಕರೆಂಟ್ ಒಲೆಯ ಮೇಲೆ ಕಬ್ಬಿಣದ ಕಾವಲಿ ಕಾಯಲಿಟ್ಟರು. ಮಧ್ಯಾಹ್ನ ಮುಗಿಯುವುದಕ್ಕೆ ಮೊದಲೇ ಕತ್ತಲಾಗುವ ಕಾಲ ಅದು. ನಾನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೂಲಿನ ಮೇಲೆ ಕೂತೆ. ಅತ್ತೆ ನಮ್ಮ ಸುತ್ತ ಮುಷ್ಟಿ ಆಡಿಸಿದರು. "ಬೀದಿ ಕಣ್ಣು, ಮನೆ ಕಣ್ಣು, ಬಂದೋರ ಕಣ್ಣು, ಹೋದೋರ ಕಣ್ಣು, ಎಲ್ಲ ಹೋಗ್ಲಿ." ಮಗಳು ಸದ್ದಿಲ್ಲದೆ ಥೂ ಅಂದಳು. ಕಾವಲಿಗೆ ಬಿದ್ದ ಉಪ್ಪು ಚಟಪಟ ಸಿಡಿಯಿತು, ಕಾಯಿಗಳು ಕಪ್ಪಾದವು, ಹೊಗೆ ಎದ್ದು ಸೂರಿಗೆ ಮುಟ್ಟಿ ಅಲಾರಾಂ ಕಿರುಚಿಕೊಂಡಿತು. ಕೆಳಗಿನ ಮನೆಯ ಹೆಂಗಸು ಓಡಿಬಂದರು. ಆ ದಟ್ಟ ಹೊಗೆಯೊಳಗೆ ನಿಂತು, ಎಲ್ಲಾ ಸರಿಯಾಗಿದೆಯಾ ಎಂದು ಮೆಲ್ಲಗೆ, ಮರ್ಯಾದೆಯಿಂದ ಕೇಳಿದರು. ಕೆಮ್ಮಲಿಲ್ಲ. ನಮ್ಮಲ್ಲೂ ಯಾರೂ ಕೆಮ್ಮಲಿಲ್ಲ.

ಅತ್ತೆ ಬಗ್ಗಿ ಕಾವಲಿ ನೋಡಿದರು. "ಹೊಗೆ ಐತೆ. ಘಾಟಿಲ್ಲ" ಎಂದರು.

ಗಂಡ ಕಿಟಕಿ ತೆಗೆದು, ಕಾಯಿಯ ಕವರು ಓದಿ, ಇದು ಖಾರವಿಲ್ಲದ ಸಿಹಿ ಜಾತಿ ಎಂದರು. ನನಗೆ ಜೀವ ಬಂತು. ಉಳಿದಿದ್ದ ಒಂದು ಕಾಯಿ ಮುರಿದು ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದೆ. "ನೋಡಿ ಅತ್ತೆ, ಏನೂ ಇಲ್ಲ. ಕಾಗದ ಅಗಿದ ಹಾಗಿದೆ. ನಾನು ತಪ್ಪು ಕಾಯಿ ತಂದಿದೀನಿ, ಅಷ್ಟೇ." ಅವರೂ ಒಂದು ಚೂರು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು. "ಸಿಹಿ ಐತಲ್ಲಮ್ಮ" ಎಂದು ನನ್ನ ಕಡೆ ನೋಡಿದರು. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ, ನಾನು ಮೆಣಸಿನಕಾಯಿಯ ವಾದ ಗೆದ್ದ ಖುಷಿಯಲ್ಲಿದ್ದೆ.

ಅತ್ತೆಯ ವೀಸಾ ಮುಗಿಯುವ ಹೊತ್ತಿಗೆ ಇವರೂ ರಜೆ ಹಾಕಿದರು, ನಾಲ್ವರೂ ಸಾರಕ್ಕಿಗೆ ಬಂದೆವು. ಮನೆಯ ಮುಂದಿನ ಟ್ರಾಫಿಕ್ಕಿನ ಹಾರ್ನಿಗೆ ಮಗಳು ಎರಡೂ ಕಿವಿ ಮುಚ್ಚಿಕೊಂಡಳೇ ಹೊರತು ಒಂದಕ್ಷರ ಆಡಲಿಲ್ಲ. ಕೆಳಗಿನ ಅಂಗಡಿಯವರು, ಬಾಡಿಗೆದಾರರು, ಎಲ್ಲರೂ "ಏನ್ ಪುಟ್ಟಿ, ಮಾತೇ ಮರ್ತುಹೋಯ್ತಾ?" ಎಂದು ಕೇಳಿ, ಉತ್ತರ ಬರದಿದ್ದಾಗ ನನ್ನ ಮುಖ ನೋಡಿ ಸುಮ್ಮನಾದರು.

ಜಯನಗರದ ಮಕ್ಕಳ ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಕಿವಿ ಸರಿ, ಗಂಟಲು ಸರಿ, ಬುದ್ಧಿ ನಮ್ಮೆಲ್ಲರಿಗಿಂತ ಚುರುಕು. ಕೊನೆಗೆ, "ಅಲ್ಲಿ ಮನೇಲಿ ಇವಳ ಜೊತೆ ಯಾರು ಮಾತಾಡ್ತಾರೆ?" ಎಂದು ಕೇಳಿದರು. "ನಾನೇ ಸಾರ್. ದಿನವೆಲ್ಲ ನಾನೇ ಇರ್ತೀನಲ್ಲ" ಎಂದೆ. ಗಂಡ ಒಮ್ಮೆ ನನ್ನನ್ನು ನೋಡಿ, ಆಮೇಲೆ ಮೇಜನ್ನು ನೋಡಿದರು. ಆಟೋದಲ್ಲಿ ಬರುವಾಗ ಯಾಕೆ ಹಾಗೆ ನೋಡಿದಿರಿ ಎಂದು ಕೇಳಬೇಕು ಅನ್ನಿಸಿತು. ಕೇಳಿದೆ ಅಂತಲೇ ನಾನು ಅಂದುಕೊಂಡಿದ್ದೆ. ಮನೆ ಮುಟ್ಟಿದಾಗ ಗೊತ್ತಾಯಿತು, ನಾನು ಬಾಯಿಯೇ ತೆರೆದಿರಲಿಲ್ಲ.

ಅವತ್ತು ಊಟವಾದ ಮೇಲೆ ಅತ್ತೆ ಮಾತು ತೆಗೆದರು. "ಮಗು ಇಲ್ಲೇ ಇರ್ಲಿ. ಸಾರಕ್ಕಿಲಿ ಸ್ಕೂಲಿಗೆ ಬರವಾ? ನೀವಿಬ್ರು ಹೋಗ್ಬನ್ನಿ. ಆ ಮನೆಗೆ ಮಾತ್ರ ಅವಳು ಬ್ಯಾಡ."

ಗಂಡ ಬೇಡ ಎನ್ನುತ್ತಾರೆ ಎಂದು ಕಾದೆ. ಅವರು ಅನ್ನಲಿಲ್ಲ. "ಒಂದು ವರ್ಷ ನೋಡೋಣ್ವಾ?" ಎಂದರು, ನನ್ನನ್ನು ನೋಡದೆ.

ಮಗಳಿಲ್ಲದೆ ಆ ಮನೆಯೊಳಗೆ ನಾನೊಬ್ಬಳೇ ಇರುವುದು ಕಣ್ಣಿಗೆ ಕಟ್ಟಿತು. ಅಂಗಡಿಯ ಬಾಗಿಲ ಮುಂದೆ ನಿಂತಿದ್ದೇನೆ, ಯಾರೂ ಮುಂದೆ ಓಡುತ್ತಿಲ್ಲ. ಅತ್ತೆಯ ಮೇಲೆ ಬಂದ ಸಿಟ್ಟಿಗೆ, ತೆಗೆದ ತಟ್ಟೆಗಳನ್ನು ಮತ್ತೆ ಕೆಳಗಿಟ್ಟೆ. "ದಿಷ್ಟಿ ತಾನೆ? ಸರಿ. ನೀವೇ ಮೆಣಸಿನಕಾಯಿ ಆರಿಸಿ, ನೀವೇ ತೆಗೀರಿ. ಘಾಟು ಬರ್ಲಿಲ್ಲ ಅಂದ್ರೆ ಮಗೂನ ಇಟ್ಕೊಳ್ಳಿ. ಬಂತು ಅಂದ್ರೆ ನಮ್ಮ ಜೊತೆ ಬರ್ತಾಳೆ, ಮತ್ತೆ ಈ ಮಾತು ಎತ್ತಬಾರದು" ಎಂದೆ. ಕೆಮಿಸ್ಟ್ರಿ ಓದಿದವಳಲ್ಲವೇ, ಒಳ್ಳೆಯ ಮೆಣಸಿನಕಾಯಿ ಸುಟ್ಟರೆ ಘಾಟು ಬಂದೇ ಬರುತ್ತದೆ ಎಂದು ನನಗೆ ಗೊತ್ತಿತ್ತು. ಅತ್ತೆ ಒಪ್ಪಿಕೊಂಡರು.

ಭಾನುವಾರ ಬೆಳಿಗ್ಗೆ ಇಬ್ಬರೂ ಮಾರ್ಕೆಟ್ಟಿಗೆ ಹೋದೆವು, ಮಗಳು ನಮ್ಮಿಬ್ಬರ ನಡುವೆ. ಸೊಪ್ಪಿನವಳ ಮುಂದೆ ನಿಂತು ದಂಟಿನ ಸೊಪ್ಪು ಕೇಳಿದೆ. ಅವಳು ನನ್ನ ಹಿಂದಿದ್ದವರಿಗೆ ಕೊಟ್ಟಳು. ಮತ್ತೆ ಕೇಳಿದೆ. ಪಕ್ಕದವರಿಗೆ ಕೊಟ್ಟಳು. ನನಗೆ ರೇಗಿತು. "ಏನಮ್ಮಾ, ನಾನು ನಿನ್ ಕಣ್ಣಿಗೆ ಕಾಣ್ತಿಲ್ವಾ?" ಎಂದು ಗದರಿದೆ. ಅವಳು ಬೆಚ್ಚಿಬಿದ್ದು ಎದೆ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಯಾವಾಗ ಬಂದ್ರಿ ಅಕ್ಕಾ?" ಮಗಳು ನನ್ನ ಸೆರಗಿನ ತುದಿ ಹಿಡಿದುಕೊಂಡಳು. ಅವಳಿಗೆ ಆ ಅಭ್ಯಾಸವೇ ಇರಲಿಲ್ಲ.

ಮೆಣಸಿನಕಾಯಿ ಅಂಗಡಿಯಲ್ಲಿ ಅತ್ತೆ ಮೂಟೆ ಮೂಟೆ ನೋಡುತ್ತ ಹೋದರು. ಕೊನೆಗೊಂದು ಕಡೆ ಮುರಿದು, ಮೂಸಿ, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು. ಅಂಗಡಿಯವನೂ ಕೆಮ್ಮಿದ, ಪಕ್ಕದಲ್ಲಿ ಬೆಳ್ಳುಳ್ಳಿ ಆರಿಸುತ್ತಿದ್ದ ಆಂಟಿಯೂ ಕೆಮ್ಮಿದರು. "ಇದು" ಎಂದರು ಅತ್ತೆ. ಪೊಟ್ಟಣವನ್ನು ನನ್ನ ಕೈಚೀಲಕ್ಕೆ ಹಾಕಿಸಿಕೊಂಡೆ.

ಈ ಮನೆಯಲ್ಲಿ ಇನ್ನೂ ಬಚ್ಚಲಿನ ಹಂಡೆಗೆ ಸೌದೆ ಒಲೆ. ಗೀಸರ್ ಇದ್ದರೂ ಅತ್ತೆ ಬಿಟ್ಟಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವರು ಹಳೇ ಕಬ್ಬಿಣದ ಬಾಣಲೆ ತುಂಬ ಕೆಂಡ ತಂದು ಹಜಾರದ ನಡುವೆ ಇಟ್ಟರು. ಈ ಸಲ ಮಗಳನ್ನು ನನ್ನ ತೊಡೆಯ ಮೇಲೆ ಕೂರಿಸಲಿಲ್ಲ. ಮಣೆಯ ಮೇಲೆ ಒಬ್ಬಳನ್ನೇ ಕೂರಿಸಿದರು. ನನಗೆ ಆಚೆ ನಿಲ್ಲು ಎಂದರು. ಗಂಡ ಕಿಟಕಿಯ ಹತ್ತಿರ ನಿಂತರು. ಹೊರಗೆ ಬಸ್ಸುಗಳ ಸದ್ದು, ಯಾರದೋ ಮನೆಯ ಟೀವಿ. ಅತ್ತೆ ಮುಷ್ಟಿ ಬಿಗಿದು ಮೂರು ಸುತ್ತು ಈ ಕಡೆಗೆ, ಮೂರು ಸುತ್ತು ಆ ಕಡೆಗೆ ಇಳಿಸಿದರು. ಮಗಳು ಥೂ ಅಂದಳು. ಉಪ್ಪು, ಮೆಣಸಿನಕಾಯಿ ಕೆಂಡಕ್ಕೆ ಬಿದ್ದವು.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಅತ್ತೆ ಕೆಮ್ಮಿದರು. ಗಂಡ ಕೆಮ್ಮಿದರು. ಮಗಳು ಮಣೆಯ ಮೇಲೇ ಬಗ್ಗಿ, ಮುಖ ಕೆಂಪಗಾಗುವಂತೆ ಕೆಮ್ಮಿದಳು. ಮಹಡಿ ಮೇಲಿನ ಬಾಡಿಗೆದಾರರು ಕೆಮ್ಮುತ್ತಲೇ, "ಆಂಟೀ, ಯಾರಿಗೆ ದೃಷ್ಟಿ ತೆಗೀತಿದೀರಾ? ನಮ್ಗೂ ಸೇರಿಸಿ ತೆಗೀತಿದೀರಲ್ಲ!" ಎಂದು ಕೂಗಿದರು.

ಗೆದ್ದೆ. ಇಷ್ಟು ದಿನ ನಾನು ಹೇಳಿದ್ದೇ ಸರಿ, ಟರ್ಕಿ ಅಂಗಡಿಯ ತಪ್ಪು ಕಾಯಿ ಅಷ್ಟೇ, ಇನ್ನೇನೂ ಅಲ್ಲ. ಖುಷಿಗೆ ಕಣ್ಣು ತುಂಬಿ ಬಂತು. ಬಾಣಲೆಯ ಹತ್ತಿರವೇ ಹೋಗಿ ನಿಂತುಕೊಂಡೆ. "ನೋಡಿದ್ರಾ ಅತ್ತೆ? ಘಾಟು ಬಂತು! ದಿಷ್ಟಿನೂ ಇಲ್ಲ, ಎಂಥದ್ದೂ ಇಲ್ಲ. ನನ್ನ ಮಗಳು ನನ್ನ ಜೊತೆ ಬರ್ತಾಳೆ. ಇವತ್ತಿಗೆ ಮುಗೀತು ಈ ಮಾತು" ಎಂದೆ. ಒಂದೇ ಉಸಿರಿನಲ್ಲಿ, ನಿಲ್ಲಿಸದೆ, ಹೊಗೆಯ ನಡುವೆ ನಿಂತು ಹೇಳಿದೆ. ಎಷ್ಟೋ ಕಾಲದ ಮೇಲೆ ಅಷ್ಟು ಮಾತು ಒಟ್ಟಿಗೆ ಆಡಿದ್ದೆ.

ಗಂಡ ಕರ್ಚೀಫು ಮೂಗಿಗೆ ಒತ್ತಿಕೊಂಡವರು ಹಾಗೇ ನಿಂತುಬಿಟ್ಟಿದ್ದರು. ಅತ್ತೆಯ ಕೆಂಪು ಕಣ್ಣುಗಳು ನನ್ನ ಬಾಯಿಯ ಮೇಲಿದ್ದವು.

"ಅಜ್ಜಿ, ಅಮ್ಮಂಗೆ ಕೆಮ್ಮೇ ಬರ್ತಿಲ್ಲ."

ಧ್ವನಿ ಮಣೆಯ ಮೇಲಿಂದ ಬಂತು. ಒರಟಾಗಿ, ಮೆಲ್ಲಗೆ. ನನ್ನ ಮಗಳ ಧ್ವನಿ ಅದು ಎಂದು ಗುರುತು ಹಿಡಿಯಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಮಾತಾಡಿದಳು, ಮಗಳು ಮಾತಾಡಿದಳು ಎಂದು ಓಡಿಹೋಗಿ ಅಪ್ಪಿಕೊಳ್ಳಬೇಕು ಅನ್ನಿಸಿತು. ಒಂದು ಹೆಜ್ಜೆ ಇಟ್ಟೆ. ಅವಳು ಹೇಳಿದ್ದೇನು ಎಂಬುದು ಆಗ ತಲೆಗೆ ಹೋಯಿತು. ಉಸಿರೆಳೆದು ನೋಡಿದೆ. ಇನ್ನೊಮ್ಮೆ ಎಳೆದೆ, ಅತ್ತೆ ಮಾರ್ಕೆಟ್ಟಿನಲ್ಲಿ ಎಳೆಯುವ ಹಾಗೆ. ಬೆಳಗಿನ ಗಾಳಿಯ ಹಾಗೆ ಸಲೀಸಾಗಿ ಒಳಗೆ ಹೋಯಿತು. ಗಂಟಲಲ್ಲಿ ಉರಿಯಿಲ್ಲ, ಕಣ್ಣಲ್ಲಿ ಉರಿಯಿಲ್ಲ. ಕಣ್ಣಿನಲ್ಲಿ ಇದ್ದ ನೀರು ಖುಷಿಯದ್ದು.

"ಬಾರಮ್ಮ" ಎಂದರು ಅತ್ತೆ. ಮಗಳನ್ನು ಎಬ್ಬಿಸಿ, ಅದೇ ಮಣೆಯ ಮೇಲೆ ನನ್ನನ್ನು ಕೂರಿಸಿದರು. ಬೇಡ ಎಂದು ಹೇಳುವ ಶಕ್ತಿ ನನಗಿರಲಿಲ್ಲ. ನಿಜ ಹೇಳಬೇಕೆಂದರೆ ಇಷ್ಟವೂ ಇರಲಿಲ್ಲ. ಹಳೇ ಕೆಂಡ ಚೆಲ್ಲಿ, ಹಂಡೆ ಒಲೆಯಿಂದ ಹೊಸ ಕೆಂಡ ತಂದರು. ಕಿಟಕಿ ತೆಗೆದು ಮೊದಲಿನ ಹೊಗೆಯೆಲ್ಲ ಹೋಗುವ ತನಕ ಕಾದು, ಮತ್ತೆ ಮುಚ್ಚಿಸಿದರು. ಅದೇ ಪೊಟ್ಟಣದಿಂದ ಮೆಣಸಿನಕಾಯಿ ತೆಗೆದರು. ಒಂದನ್ನು ಮುರಿದು ಮೂಸಿದರು, ಕೆಮ್ಮಿದರು. ಎಲ್ಲರಿಗೂ ಕಾಣಲಿ ಎಂದೇ ಮಾಡಿದರೇನೋ. ಆಮೇಲೆ ಆ ಮುಷ್ಟಿ ನನ್ನ ತಲೆಯ ಮೇಲಿಂದ ಕೆಳಗಿಳಿಯಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನಗೆ ದೃಷ್ಟಿ ತೆಗೆದಿರಲಿಲ್ಲ. ನಾನು ತೆಗೆಸಿಕೊಳ್ಳುವವಳೂ ಆಗಿರಲಿಲ್ಲ. ಅವರ ಬಳೆಯ ಸದ್ದು ಕಿವಿಯ ಪಕ್ಕ ಹೋಗಿ ಬಂತು. ನಾನು ಥೂ ಅಂದೆ.

ಕೆಂಡಕ್ಕೆ ಬಿದ್ದ ಉಪ್ಪು ಸಿಡಿಯಿತು. ಮೆಣಸಿನಕಾಯಿಗಳು ಉಬ್ಬಿ, ಕಪ್ಪಾಗಿ, ಹೊತ್ತಿಕೊಂಡವು. ಮೊದಲಿಗಿಂತ ದಪ್ಪನೆಯ ಹೊಗೆ ಎದ್ದು ಹಜಾರ ತುಂಬಿತು. ಗಂಡನ ಮುಖ ಮಸುಕಾಯಿತು. ಎಲ್ಲರೂ ಉಸಿರು ಹಿಡಿದು ಕಾದರು, ಆಮೇಲೆ ಬಿಟ್ಟು ಎಳೆದುಕೊಂಡರು.

ಯಾರೂ ಕೆಮ್ಮಲಿಲ್ಲ. ಅತ್ತೆ ಕೆಮ್ಮಲಿಲ್ಲ, ಗಂಡ ಕೆಮ್ಮಲಿಲ್ಲ, ಮಗಳು ಕೆಮ್ಮಲಿಲ್ಲ. ಮಹಡಿ ಮೇಲೆ ಬಾಡಿಗೆದಾರರು ಮಾತಾಡಿಕೊಂಡು ಓಡಾಡುವುದು ಕೇಳಿಸುತ್ತಿತ್ತು. ಅಷ್ಟು ಹೊಗೆ, ಹೂವಿನ ಹಾಗೆ ಸುಮ್ಮನೆ ನಮ್ಮ ನಡುವೆ ನಿಂತಿತ್ತು. ನಾನು ಓದಿದ ಪುಸ್ತಕದಲ್ಲಿ ಇದಕ್ಕೆ ಜಾಗವಿಲ್ಲ. ಆಮೇಲೆ ಎಷ್ಟು ಯೋಚಿಸಿದರೂ ನನಗೆ ಕಾರಣ ಸಿಕ್ಕಿಲ್ಲ.

ಅತ್ತೆ ಗೆದ್ದವರ ಹಾಗೆ ಮಾತಾಡಲಿಲ್ಲ. ನನ್ನ ಎದುರು ನೆಲದ ಮೇಲೆ ಕೂತು, ಎರಡೂ ಕೈ ಹಿಡಿದುಕೊಂಡರು. "ನಾವೆಲ್ಲ ಮಗೂನ ನೋಡ್ತಾ ಇದ್ವಿ" ಎಂದರು. "ಯಾವಾಗಿಂದ ಕಣಮ್ಮ ಹಿಂಗೆ?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಕೇಸರಿಬಾತ್ ಬಂತು, ಸಿಹಿ ಮೊಸರು ಬಂತು, ಅದರ ಹಿಂದಿನದು ಏನೂ ಬರಲಿಲ್ಲ. ಗಂಡನ ಕಡೆ ನೋಡಿದೆ. ಅವರಿಗೂ ಗೊತ್ತಿರಲಿಲ್ಲ.

ಮಗಳು ಬಂದು ನನ್ನ ಬೆನ್ನಿಗೆ ಆತುಕೊಂಡು ನಿಂತಳು. ಅವಳು ನನಗಲ್ಲ, ಅಜ್ಜಿಗೆ ಉತ್ತರ ಹೇಳಿದಳು.

"ಅಂಗಡಿ ಬಾಗಿಲು ಅಮ್ಮಂಗೆ ತೆಗೀತಿರ್ಲಿಲ್ಲ ಅಜ್ಜಿ. ಆವಾಗಿಂದ."